ರಾತ್ರಿಶಾಲೆಯ ಇಂಗ್ಲಿಷು: ಮುಂಬಯಿಯ ಹೋಟೆಲ್ ಹುಡುಗರು ಮತ್ತು ಕಷ್ಟದ ಪದಗಳ ಪಟ್ಟಿ

ಮುಂಬಯಿ ಕನ್ನಡಿಗರ ಹಳೇ ಕಥೆಗಳಲ್ಲಿ ಇವತ್ತು ಇನ್ನೊಂದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಅಂತ, ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ಮನೆ ವಿಷಯದಿಂದಲೇ ಶುರು ಮಾಡ್ತೇನೆ. ನನ್ನ ತಂಗಿಯ ಮಗಳು ನರ್ಸ್. ಭಾಯಂದರ್‌ನಿಂದ ದಿನಾ ಲೋಕಲ್ ಹಿಡಿದು ಡ್ಯೂಟಿಗೆ ಹೋಗುತ್ತಾಳೆ. ಇಂಗ್ಲೆಂಡಿನಲ್ಲಿ ಕೆಲಸ ಮಾಡಬೇಕು ಅಂತ ಐಇಎಲ್‌ಟಿಎಸ್ ಪರೀಕ್ಷೆಗೆ ಕೂತಳು. ಅಲ್ಲಿನ ನರ್ಸಿಂಗ್ ಮಂಡಳಿ ಕೇಳೋದು ಇಷ್ಟು: ಆಲಿಸುವುದು, ಓದುವುದು, ಮಾತಾಡುವುದು ಮೂರರಲ್ಲೂ 7, ಬರವಣಿಗೆಯಲ್ಲಿ 6.5. ಇವಳಿಗೆ ಮೊದಲ ಮೂರೂ ಬಂದವು, ಬರವಣಿಗೆಯಲ್ಲಿ 6 ಬಂತು. ಅರ್ಧ ಬ್ಯಾಂಡು ಕಡಿಮೆ. ಕೋಚಿಂಗ್ ಕ್ಲಾಸಿನವರು "ನಿಮ್ಮ ವೊಕ್ಯಾಬ್ಯುಲರಿ ಸಾಲದು" ಅಂತ ಹೇಳಿ ಸಾವಿರಾರು ಪದಗಳ ಪಟ್ಟಿಯೊಂದನ್ನು ಕೈಗಿಟ್ಟರು. ಪ್ಲೆಥೊರಾ, ಯುಬಿಕ್ವಿಟಸ್, ಎಕ್ಸಾಸರ್ಬೇಟ್ ಇಂಥವು.

"ಮಾಮ, ಇದನ್ನೆಲ್ಲ ಯಾರಾದ್ರೂ ಬಾಯಿಪಾಠ ಮಾಡಿ ಪಾಸಾಗಿದ್ದಾರಾ?" ಅಂತ ಕೇಳಿದಳು. ಆಗ ನೆನಪಾದದ್ದು ನಮ್ಮ ದೊಡ್ಡಪ್ಪ.

ದೊಡ್ಡಪ್ಪ 1950ರ ಆಸುಪಾಸಿನಲ್ಲಿ ಉಡುಪಿ ಕಡೆಯ ಹಳ್ಳಿಯಿಂದ ಬೊಂಬಾಯಿಗೆ ಬಂದವರು. ಐದನೇ ಕ್ಲಾಸು ಮುಗಿಸಿದ್ದರು ಅಷ್ಟೆ, ವಯಸ್ಸು ಹನ್ನೆರಡೋ ಹದಿಮೂರೋ. ಆಗ ಕೊಂಕಣ ರೈಲು ಎಲ್ಲಿತ್ತು? ಆ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಮಂಗಳೂರಿನಿಂದ ಹಡಗು, ಇಲ್ಲದಿದ್ದರೆ ಘಟ್ಟ ಹತ್ತಿ ಸುತ್ತುಬಳಸಿ ರೈಲು. ಊರಿನವರೊಬ್ಬರ ಬೆನ್ನು ಹಿಡಿದು ಬಂದು ಫೋರ್ಟ್‌ನ ಒಂದು ಉಡುಪಿ ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆಯೋಕೆ ನಿಂತರು. ಆಮೇಲೆ ಟೇಬಲ್ ಒರೆಸೋದು, ಆಮೇಲೆ ಸಪ್ಲೈ. ಗಲ್ಲಾದವರೆಗೆ ಬರೋಕೆ ವರ್ಷಗಟ್ಟಲೆ ಹಿಡೀತಿತ್ತು.

ಆ ಹುಡುಗರಿಗೆ ಇಂಗ್ಲಿಷ್ ಬರ್ತಿರಲಿಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡ್ತೇವೆ. ಅದು ಪೂರ್ತಿ ನಿಜ ಅಲ್ಲ. ಒಬ್ಬ ಸಪ್ಲೈ ಹುಡುಗನ ಬಾಯಲ್ಲಿ ದಿನಕ್ಕೆ ಎಷ್ಟು ಇಂಗ್ಲಿಷ್ ಪದ ಹೊರಳ್ತಿತ್ತು ಲೆಕ್ಕ ಹಾಕಿ: ಆರ್ಡರ್, ಬಿಲ್, ಚೇಂಜ್, ಪಾರ್ಸೆಲ್, ಪ್ಲೇಟ್, ಸಿಂಗಲ್, ಡಬಲ್, ಸ್ಪೆಷಲ್, ಎಕ್ಸ್‌ಟ್ರಾ, ಸ್ಟ್ರಾಂಗ್, ಲೈಟ್, ಫುಲ್, ಹಾಫ್, ಫ್ಯಾಮಿಲಿ ರೂಮ್. ಜತೆಗೆ ಮರಾಠಿ, ಹಿಂದಿ, ಗುಜರಾತಿ ತುಂಡುಗಳು. ಮನೆಮಾತು ತುಳು, ಓದಿದ್ದು ಕನ್ನಡ. ಹದಿಮೂರು ವರ್ಷದ ಹುಡುಗನ ತಲೆಯಲ್ಲಿ ಆರು ಭಾಷೆ. ಆದರೆ ಪರೀಕ್ಷೆಯ ಇಂಗ್ಲಿಷ್ ಪೇಪರ್ ಕೇಳ್ತಿದ್ದದ್ದು ಬೇರೆಯೇ ಇಂಗ್ಲಿಷು. ಹೋಟೆಲಿನಲ್ಲಿ 'ಆರ್ಡರ್' ಅಂದ್ರೆ ಎರಡು ಇಡ್ಲಿ, ಒಂದು ಚಾ. ಪೇಪರಿನಲ್ಲಿ ಅದೇ 'ಆರ್ಡರ್' ಒಮ್ಮೆ ರಾಜಾಜ್ಞೆ, ಒಮ್ಮೆ ಕ್ರಮ, ಒಮ್ಮೆ ಶಾಂತಿ ಸುವ್ಯವಸ್ಥೆ, ಇನ್ನೊಮ್ಮೆ 'ಇನ್ ಆರ್ಡರ್ ಟು' ಅಂತ ಬಂದು ಅರ್ಥವೇ ಕೈಗೆ ಸಿಗದ ಹಾಗೆ ಜಾರಿಹೋಗೋದು. 'ಚೇಂಜ್' ಅಂದ್ರೆ ಚಿಲ್ಲರೆ ಅಂತ ಗೊತ್ತಿದ್ದವನಿಗೆ 'ಸೋಷಿಯಲ್ ಚೇಂಜ್' ಅನ್ನುವ ಪ್ರಬಂಧ ಏನು ಹೇಳೀತು?

ಗೊತ್ತಿಲ್ಲದ ಪದಕ್ಕಿಂತ, ಒಂದೇ ಅರ್ಥದಲ್ಲಿ ಗೊತ್ತಿರುವ ಪದವೇ ಹೆಚ್ಚು ಮೋಸ ಮಾಡೋದು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಇನ್ನು ಪರೀಕ್ಷೆಯ ಕಥೆ. ಬಾಂಬೆ ಯೂನಿವರ್ಸಿಟಿ ಹುಟ್ಟಿದ್ದು 1857ರಲ್ಲಿ, ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆದದ್ದು 1859ರಲ್ಲಿ. ಆ ಮೊದಲ ತಂಡದಲ್ಲಿ ಪಾಸಾದವರಲ್ಲಿ ಮಹಾದೇವ ಗೋವಿಂದ ರಾನಡೆ ಒಬ್ಬರು. 1862ರಲ್ಲಿ ಬಿ.ಎ. ಮುಗಿಸಿದ ಮೊದಲಿಗರಲ್ಲೂ ಅವರಿದ್ದರು, ಆರ್.ಜಿ. ಭಂಡಾರ್ಕರ್ ಇದ್ದರು. ಅಲ್ಲಿಂದ ಮುಂದಿನ ತೊಂಬತ್ತು ವರ್ಷ ಈ ನಗರದಲ್ಲಿ 'ಮೆಟ್ರಿಕ್' ಅನ್ನೋದು ಒಂದು ಬಾಗಿಲು, ಅದರ ಚಿಲಕ ಇಂಗ್ಲಿಷು. ಒಳಗೆ ಹೋದವನು ಗುಮಾಸ್ತ, ಹೊರಗೆ ಉಳಿದವನು ಪಟ್ಟೇವಾಲಾ. ಹೆಸರಿನ ಮುಂದೆ 'ನಾನ್ ಮೆಟ್ರಿಕ್' ಅಂತ ಹಾಕಿಕೊಳ್ಳುವವರೂ ಇದ್ದರು, ಅಲ್ಲಿಯವರೆಗೆ ಹೋಗಿ ಬಂದಿದ್ದೇನೆ ಅಂತ ಹೇಳಿಕೊಳ್ಳೋಕೆ.

ಸ್ವಾತಂತ್ರ್ಯ ಬಂದ ಮೇಲೆ ಮೆಟ್ರಿಕ್ ಹೋಗಿ ಎಸ್ಸೆಸ್ಸಿ ಬಂತು. ಬಾಂಬೆ ರಾಜ್ಯದಲ್ಲಿ ಮೊದಲ ಎಸ್ಸೆಸ್ಸಿ ಪರೀಕ್ಷೆ 1949ರಲ್ಲಿ. ಆಗ ಮುಖ್ಯಮಂತ್ರಿ ಬಾಳಾಸಾಹೇಬ ಖೇರ್. ಅವರ ಸರ್ಕಾರ ಮಾಡಿದ ಒಂದು ಕೆಲಸ ಇವತ್ತಿನವರಿಗೆ ಗೊತ್ತೇ ಇಲ್ಲ: ಐದು, ಆರು, ಏಳನೇ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದುಹಾಕಿದರು. ಇಂಗ್ಲಿಷ್ ಎಬಿಸಿಡಿ ಶುರುವಾಗೋದೇ ಎಂಟನೇ ಇಯತ್ತೆಯಲ್ಲಿ. ಎಸ್ಸೆಸ್ಸಿ ಆಗ ಹನ್ನೊಂದನೇ ಇಯತ್ತೆಗೆ. ಅಂದ್ರೆ ನಾಲ್ಕೇ ವರ್ಷ. ಪೇಟೆಯ ಮಧ್ಯಮವರ್ಗದವರು ಇದಕ್ಕೆ ಖೇರರನ್ನು ಚೆನ್ನಾಗಿ ಬೈದರು, ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸಾಗಿಸಿದರು. 1954ರಲ್ಲಿ ಸರ್ಕಾರ ಆ ದಾರಿಗೂ ಅಡ್ಡ ಕಟ್ಟೋಕೆ ಹೋಯ್ತು: ಆಂಗ್ಲೋ ಇಂಡಿಯನ್ನರು ಮತ್ತು ಏಷ್ಯಾದ ಹೊರಗಿನವರು ಬಿಟ್ಟರೆ ಬೇರೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಬಾರದು ಅಂತ ಆದೇಶ. ದೇವಳಾಲಿಯ ಬಾರ್ನ್ಸ್ ಸ್ಕೂಲ್ ನಡೆಸುತ್ತಿದ್ದ ಬಾಂಬೆ ಎಜುಕೇಶನ್ ಸೊಸೈಟಿ ಕೋರ್ಟಿಗೆ ಹೋಯ್ತು, ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆದೇಶವನ್ನು ಹೊಡೆದುಹಾಕಿತು.

ಖೇರರ ನೀತಿ ಸರಿಯೋ ತಪ್ಪೋ, ಅದು ದೊಡ್ಡ ಚರ್ಚೆ. ಆದರೆ ಮೋರಿಯಲ್ಲಿ ನಿಂತು ನೋಡಿದರೆ ಚಿತ್ರ ಬೇರೆ ಕಾಣ್ತದೆ. ಊರಿನ ಕನ್ನಡ ಶಾಲೆ ಅರ್ಧಕ್ಕೆ ಬಿಟ್ಟು ಬಂದ ಹುಡುಗ, ಹಗಲು ಶಾಲೆಯ ಮರಾಠಿ ಹುಡುಗ, ಇಬ್ಬರೂ ಎಂಟನೇ ಇಯತ್ತೆಯಲ್ಲಿ ಒಂದೇ ಎಬಿಸಿಡಿಯಿಂದ ಶುರು ಮಾಡಬೇಕು. ಮೂರು ವರ್ಷದ ಹಿನ್ನಡೆ ಸರ್ಕಾರವೇ ಅಳಿಸಿಹಾಕಿತ್ತು. ಕಾನ್ವೆಂಟಿನ ಮಕ್ಕಳು ಮಾತ್ರ ಆಗಲೇ ಬಹಳ ಮುಂದೆ ಹೋಗಿಯಾಗಿತ್ತು, ಆ ಮಾತು ಬೇರೆ.

ಹುಡುಗ ಹಗಲಿಡೀ ಹೋಟೆಲಿನಲ್ಲಿ. ಓದೋದು ಯಾವಾಗ? ರಾತ್ರಿ. ರಾತ್ರಿಶಾಲೆಯ ಕಲ್ಪನೆ ಹಳೆಯದು. ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1855ರಲ್ಲೇ ದುಡಿಯುವವರಿಗೆ ರಾತ್ರಿಶಾಲೆ ನಡೆಸಿದ್ದರು. ಬೊಂಬಾಯಿಯಲ್ಲಿ 1870ರ ದಶಕದಲ್ಲಿ ಪ್ರಾರ್ಥನಾ ಸಮಾಜದವರು ಶುರು ಮಾಡಿದರು. 1911ರಲ್ಲಿ ಎನ್.ಎಂ. ಜೋಶಿಯವರು ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕೆಲಸಗಾರರ ನಡುವೆ ಇದೇ ಕೆಲಸ ಮಾಡಿತು. ನಮ್ಮವರು ಹಿಂದೆ ಉಳಿಯಲಿಲ್ಲ. ಕಡಲ ಕೆಲಸಕ್ಕೆ ಬಂದ ಮೊಗವೀರರು 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡು, ಮುಂದೆ ತಮ್ಮ ಉಚಿತ ರಾತ್ರಿಶಾಲೆಯನ್ನೂ ನಡೆಸಿದರು. 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿಶಾಲೆ ಇನ್ನೊಂದು. ಒಂದೊಂದು ಜಾತಿಯ ಸಂಘ ಕಟ್ಟಿದ್ದರೂ ಬೆಂಚಿನ ಮೇಲೆ ಕೂತವರು ಎಲ್ಲಾ ಜಾತಿಯ ಹುಡುಗರು ಅಂತ ದೊಡ್ಡಪ್ಪ ಹೇಳ್ತಿದ್ದರು. ಊರಿನಲ್ಲಿ ಒಟ್ಟಿಗೆ ಕೂರದವರು ಇಲ್ಲಿ ಒಂದೇ ಪುಸ್ತಕ ಹಂಚಿಕೊಂಡರು.

ಈ ಶಾಲೆಗಳಲ್ಲಿ ಬಹಳಷ್ಟು ಫೋರ್ಟ್ ಭಾಗದಲ್ಲೇ ಯಾಕಿದ್ದವು? ನನ್ನ ಅಂದಾಜು ಹೇಳ್ತೇನೆ. ಫೋರ್ಟ್ ಅಂದ್ರೆ ಆಫೀಸುಗಳ ಪೇಟೆ. ಸಂಜೆ ಆರಕ್ಕೆ ಬಾಬುಗಳೆಲ್ಲ ಚರ್ಚ್‌ಗೇಟ್, ಬೋರಿಬಂದರ್ ಕಡೆ ಓಡಿದರೆ ಹೋಟೆಲು ಖಾಲಿ. ಮಾಟುಂಗಾ, ದಾದರ್ ಕಡೆಯ ಹೋಟೆಲುಗಳಿಗೆ ಅದೇ ಹೊತ್ತು ಗಿರಾಕಿ ಕಾಲ. ಅಲ್ಲಿನ ಹುಡುಗನಿಗೆ ಸಂಜೆ ಏಳಕ್ಕೆ ಬಿಡುವು ಸಿಗೋದು ಕನಸು, ಫೋರ್ಟಿನ ಹುಡುಗನಿಗೆ ಧಣಿ ಮನಸ್ಸು ಮಾಡಿದರೆ ಸಾಧ್ಯ. ಆ ಧಣಿಯ ಮನಸ್ಸು ಅನ್ನೋದೇ ದೊಡ್ಡದು. "ಓದಿ ಕಲೆಕ್ಟರ್ ಆಗ್ತೀಯಾ?" ಅಂತ ಗದರಿಸಿದವರೂ ಇದ್ದರು, ಫೀಸು ಪುಸ್ತಕ ತಾವೇ ಕೊಡಿಸಿ ಪರೀಕ್ಷೆ ಹೊತ್ತಿಗೆ ರಜೆ ಕೊಟ್ಟವರೂ ಇದ್ದರು. ಯಾರ ಹೋಟೆಲಿಗೆ ಬಂದು ಸೇರ್ತೀರಿ ಅನ್ನೋದರ ಮೇಲೆ ಒಬ್ಬೊಬ್ಬರ ಜೀವಮಾನ ನಿಂತಿತ್ತು.

ಮೇಷ್ಟ್ರುಗಳೂ ಹಗಲು ಬೇರೆ ಕೆಲಸ ಮಾಡಿ ಬರುವವರೇ. ದೊಡ್ಡಪ್ಪನ ಇಂಗ್ಲಿಷ್ ಮೇಷ್ಟ್ರು ಒಂದು ಆಫೀಸಿನಲ್ಲಿ ಟೈಪಿಸ್ಟ್. ಆರೂವರೆಗೆ ಅವರು, ಏಳಕ್ಕೆ ಇವರು, ಇಬ್ಬರೂ ಆಕಳಿಸ್ತಾ ಕೂರ್ತಿದ್ದರಂತೆ.

ಈಗ ಪುಸ್ತಕಗಳ ವಿಷಯ. ಇಂಗ್ಲಿಷ್ ಪದಕ್ಕೆ ಕನ್ನಡ ಅರ್ಥ ಬೇಕು ಅಂದ್ರೆ ಆ ಹುಡುಗರ ಕೈಗೆ ಏನಿತ್ತು? ನಮ್ಮ ಹೆಮ್ಮೆಯ ಕಿಟೆಲ್ ನಿಘಂಟು, ಬಾಸೆಲ್ ಮಿಶನ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿದ್ದು, ಕನ್ನಡದಿಂದ ಇಂಗ್ಲಿಷಿಗೆ ಹೋಗುವ ನಿಘಂಟು. ಕನ್ನಡ ಕಲಿಯುವ ಪಾದ್ರಿಗೆ, ಅಧಿಕಾರಿಗೆ ಬಹಳ ಉಪಯೋಗ. ಇಂಗ್ಲಿಷ್ ಕಲಿಯುವ ಕನ್ನಡದ ಹುಡುಗನಿಗೆ ಅದು ತಿರುಗುಮುರುಗು. ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್ ಕನ್ನಡ ನಿಘಂಟು ತಂದಿದ್ದ, ಆದರೆ ಅದು ಯಾರ ಕೈಗೆ ಸಿಗಬೇಕು? ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಕನ್ನಡ ನಿಘಂಟು 1946ರಲ್ಲಿ ಬಂತು. ಒಳ್ಳೇ ಪುಸ್ತಕ, ಆದರೆ ಗಾತ್ರವೂ ಬೆಲೆಯೂ ಹೋಟೆಲ್ ಹುಡುಗನದ್ದಲ್ಲ. ಮರಾಠಿ ಹುಡುಗರಿಗೆ ತರ್ಖಡ್‌ಕರ್ ಭಾಷಾಂತರ ಪಾಠಮಾಲೆ ಇತ್ತು, ಮರಾಠಿಯ ಮೂಲಕ ಇಂಗ್ಲಿಷ್ ಕಲಿಸುವ ಪುಸ್ತಕ, ತಲೆಮಾರುಗಳು ಅದರಲ್ಲೇ ಕಲಿತವು. ದೊಡ್ಡಪ್ಪ ಅದನ್ನು ಫುಟ್‌ಪಾತಿನಲ್ಲಿ ಕೊಂಡು, ಮರಾಠಿ ಅರ್ಥ ಓದಿ, ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ತಿದ್ದರು. ಇಂಗ್ಲಿಷ್ ಕಲಿಯೋಕೆ ಹೋಗಿ ಮರಾಠಿ ಪಕ್ಕಾ ಆಯ್ತು ಅಂತ ನಗ್ತಿದ್ದರು.

ಇನ್ನು 'ರೆನ್ ಅಂಡ್ ಮಾರ್ಟಿನ್'. ದೇಶಕ್ಕೆಲ್ಲ ಗೊತ್ತಿರುವ ಈ ವ್ಯಾಕರಣ ಪುಸ್ತಕ ಬೊಂಬಾಯಿಯದ್ದೇ ಕೂಸು, ಅದನ್ನು ಹೊರತಂದದ್ದು ಇಲ್ಲಿನ ಕೆ. ಅಂಡ್ ಜೆ. ಕೂಪರ್. ಪಿ.ಸಿ. ರೆನ್ ಬಾಂಬೆ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು. 1924ರಲ್ಲಿ 'ಬೋ ಜೆಸ್ಟ್' ಅನ್ನುವ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದವನೂ ಅವನೇ. ಹೊರಗೆ ಆ ಕಾದಂಬರಿಗೆ ಹೆಸರು, ನಮ್ಮಲ್ಲಿ ಕರ್ತರಿ ಕರ್ಮಣಿಗೆ!

ದೊಡ್ಡಪ್ಪ ಎಸ್ಸೆಸ್ಸಿಯಲ್ಲಿ ಎರಡು ಸಲ ಇಂಗ್ಲಿಷಿನಲ್ಲಿ ಫೇಲಾದರು. ಎರಡು ಸಲವೂ ಅವರ ಹತ್ತಿರ ಪದಗಳ ಪಟ್ಟಿ ಇತ್ತು. ಆ ನೋಟ್‌ಬುಕ್ ಈಗಲೂ ನಮ್ಮ ಮನೆಯಲ್ಲಿದೆ, ವಿಡಿಯೋದಲ್ಲಿ ತೋರಿಸಿದ್ದೇನೆ. ಹೋಟೆಲಿನ ಹಳೇ ಬಿಲ್ ಪುಸ್ತಕಗಳ ಹಿಂಬದಿಯನ್ನು ದಾರದಲ್ಲಿ ಹೊಲಿದದ್ದು. ಮೂರು ಕಾಲಂ: ಇಂಗ್ಲಿಷ್ ಸ್ಪೆಲ್ಲಿಂಗು, ಕನ್ನಡ ಅಕ್ಷರದಲ್ಲಿ ಉಚ್ಚಾರ, ಅರ್ಥ. ಮೊದಲ ಭಾಗದಲ್ಲಿ 'ಎ'ಯಿಂದ ಶುರುವಾಗುವ ಪದಗಳೇ ಪುಟಗಟ್ಟಲೆ: ಅಬಾಂಡನ್, ಅಬೇಟ್, ಅಬ್ಹಾರ್. 'ಡಿ' ಹೊತ್ತಿಗೆ ಕೈ ಸೋತಿದೆ. ಯಾರು ಅಕಾರಾದಿಯಲ್ಲಿ ಪದ ಕಲಿಯೋಕೆ ಹೊರಟರೂ ಇದೇ ಕಥೆ, ಜೀವನಪೂರ್ತಿ 'ಎ' ಮತ್ತು 'ಬಿ' ಮಾತ್ರ ಚೆನ್ನಾಗಿ ಬರ್ತದೆ.

ಎರಡನೇ ಸಲ ಫೇಲಾದ ಮೇಲೆ ಟೈಪಿಸ್ಟ್ ಮೇಷ್ಟ್ರು ಒಂದು ಕೆಲಸ ಹೇಳಿದರಂತೆ. ಹೋಟೆಲಿಗೆ ಪೊಟ್ಟಣ ಕಟ್ಟೋಕೆ ಬರುವ ಹಳೇ ಇಂಗ್ಲಿಷ್ ಪೇಪರಿನಿಂದ ದಿನಕ್ಕೆ ಎಂಟು ಹತ್ತು ಸಾಲು ತಗೋ. ಅದನ್ನು ಕನ್ನಡಕ್ಕೆ ಮಾಡು. ಪೇಪರ್ ಮಡಚಿಡು. ಮಾರನೇ ದಿನ ನಿನ್ನ ಕನ್ನಡವನ್ನು ವಾಪಸ್ ಇಂಗ್ಲಿಷಿಗೆ ಮಾಡು. ಆಮೇಲೆ ಮೂಲ ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡು. ನೋಟ್‌ಬುಕ್ಕಿನ ಎರಡನೇ ಭಾಗ ಪೂರ್ತಿ ಇದೇ. ಸಾಲುಗಳ ಕೆಳಗೆ ಕೆಂಪು ಪೆನ್ಸಿಲ್ ಗೆರೆ.

ಮೇಷ್ಟ್ರಿಗೆ ಗೊತ್ತಿತ್ತೋ ಇಲ್ಲವೋ, ಈ ವಿದ್ಯೆ ಬಹಳ ಹಳೆಯದು. ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಗೆ ಪಾಠ ಹೇಳಿದ ರೋಜರ್ ಆಸ್ಕಮ್ ಲ್ಯಾಟಿನ್ ಕಲಿಸೋಕೆ ಇದೇ ಉಪಾಯ ಹೇಳಿದ್ದಾನೆ, ಅವನ ಪುಸ್ತಕ 1570ರಲ್ಲಿ ಅಚ್ಚಾಯ್ತು. ಇಂಗ್ಲಿಷರು ಲ್ಯಾಟಿನ್ ಕಲಿತ ರೀತಿಯಲ್ಲೇ ಫೋರ್ಟಿನ ಹುಡುಗ ಇಂಗ್ಲಿಷ್ ಕಲಿತ. ಮಾತೃಭಾಷೆ ಬಾಗಿಲ ಹೊರಗಿಟ್ಟು ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಅನ್ನುವ ಪಂಡಿತರು ಈ ಪದ್ಧತಿಯನ್ನು ಬಹಳ ಕಾಲ ಹೀಯಾಳಿಸಿದ್ದಾರೆ. ಇಡೀ ದಿನ ಇಂಗ್ಲಿಷ್ ಕಿವಿಗೆ ಬೀಳುವ ಮನೆಯ ಮಗುವಿಗೆ ಅವರ ಮಾತು ಸರಿ ಇರಬಹುದು. ದಿನಕ್ಕೆ ಮುಕ್ಕಾಲು ಗಂಟೆ, ಅದೂ ನಿದ್ದೆಗಣ್ಣಿನಲ್ಲಿ ಸಿಗುವವನಿಗೆ ಕನ್ನಡವೇ ಆಸರೆ.

ಯಾಕೆ ಅಂದ್ರೆ, ಪದ ಒಂಟಿಯಾಗಿ ಬದುಕೋದಿಲ್ಲ. ನಾವು ಅನ್ನ ತಿಂತೇವೆ, ಪೆಟ್ಟು ತಿಂತೇವೆ, ಬೈಗುಳ ತಿಂತೇವೆ, ಲಂಚವನ್ನೂ ತಿಂತೇವೆ. ಕನ್ನಡ ಕಲಿಯುವ ಹೊರಗಿನವನಿಗೆ 'ತಿನ್ನು' ಅಂದ್ರೆ ಏನು ಅಂತ ಪಟ್ಟಿಯಲ್ಲಿ ಹೇಗೆ ಹೇಳ್ತೀರಿ? ನಮ್ಮಲ್ಲಿ ಮಳೆ ಜೋರು, ಇಂಗ್ಲಿಷಿನಲ್ಲಿ ಮಳೆ 'ಹೆವಿ'. ಚಹಾ ನಮ್ಮ ಬಾಯಲ್ಲಿ ಖಡಕ್, ಇಂಗ್ಲಿಷಿನಲ್ಲಿ 'ಸ್ಟ್ರಾಂಗ್', 'ಪವರ್‌ಫುಲ್' ಅಂದ್ರೆ ತಪ್ಪು. ಭಾಷಾವಿಜ್ಞಾನಿ ಹ್ಯಾಲಿಡೇ 1960ರ ದಶಕದಲ್ಲಿ ಪದಗಳ ಜೊತೆಗಾರಿಕೆ ವಿವರಿಸೋಕೆ ಕೊಟ್ಟ ಉದಾಹರಣೆಯೇ ಈ 'ಸ್ಟ್ರಾಂಗ್ ಟೀ'. ಹೋಟೆಲ್ ಹುಡುಗನಿಗೆ ಅದು ಮೊದಲೇ ಗೊತ್ತಿತ್ತು, ಅದಕ್ಕೆ ಮಾರ್ಕು ಕೊಡುವ ಪೇಪರ್ ಮಾತ್ರ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಇಂಗ್ಲಿಷಿನ 'ಕಷ್ಟದ' ಪದಗಳು ಬಹುಪಾಲು ಲ್ಯಾಟಿನ್, ಗ್ರೀಕ್, ಫ್ರೆಂಚಿನಿಂದ ಬಂದವು. ಹಲ್ಲಿಗೆ ಟೂತ್, ಹಲ್ಲಿನ ವೈದ್ಯನಿಗೆ ಡೆಂಟಿಸ್ಟ್. ಕಣ್ಣಿಗೆ ಐ, ಕಣ್ಣಿಗೆ ಸಂಬಂಧಿಸಿದ್ದಕ್ಕೆ ಆಕ್ಯುಲರ್. ಇದು ಎಷ್ಟು ವಿಚಿತ್ರ ಅಂತ ಅನಿಸ್ತದಾ? ನಾವೂ ಅದನ್ನೇ ಮಾಡೋದು. ಹಲ್ಲು, ಆದರೆ ದಂತವೈದ್ಯ. ಕಣ್ಣು, ಆದರೆ ನೇತ್ರದಾನ. ನೀರು, ಆದರೆ ಜಲಚರ. ಮನೆಯಲ್ಲಿ ಆಡುವ ಪದ ಒಂದು, ಬೋರ್ಡಿನ ಮೇಲೆ ಬರೆಯುವ ಪದ ಇನ್ನೊಂದು. ಪರೀಕ್ಷೆಯ ಇಂಗ್ಲಿಷ್ ಅಂದ್ರೆ ಆ ಭಾಷೆಯ ತತ್ಸಮದ ಪದರ. ಐದನೇ ಕ್ಲಾಸಿನ ಕನ್ನಡ ಓದಿದ ಹುಡುಗನಿಗೂ ಈ ಎರಡು ಪದರದ ಅನುಭವ ಇತ್ತು.

ಮೂರನೇ ಸಲ ದೊಡ್ಡಪ್ಪ ಪಾಸಾದರು. ಇಂಗ್ಲಿಷಿನಲ್ಲಿ ಅಂಚಿನ ಮಾರ್ಕು. ಟೈಪಿಂಗ್ ಕಲಿತು ಒಂದು ಬ್ಯಾಂಕಿಗೆ ಸೇರಿದರು, ಗುಮಾಸ್ತರಾಗಿ ನಿವೃತ್ತರಾದರು. ಅವರ ಜತೆ ಬೆಂಚಿನಲ್ಲಿ ಕೂತವರಲ್ಲಿ ಎಲ್ಲರ ಕಥೆ ಹೀಗೆ ಮುಗಿಯಲಿಲ್ಲ. ಇಂಗ್ಲಿಷ್ ಒಂದರಲ್ಲೇ ಸಿಕ್ಕಿಬಿದ್ದು ಓದು ಬಿಟ್ಟು, ನಲ್ವತ್ತು ದಾಟಿದ ಮೇಲೂ ಗಿರಾಕಿಗಳ ಬಾಯಲ್ಲಿ 'ಬಾಯ್' ಆಗಿ ಉಳಿದವರ ಹೆಸರು ಹೇಳುವಾಗ ದೊಡ್ಡಪ್ಪನ ದನಿ ತಗ್ಗುತ್ತಿತ್ತು.

ರಾತ್ರಿಶಾಲೆಗಳು ಆಮೇಲೆ ಏನಾದವು? ಹತ್ತಿರದ ಊರುಗಳಲ್ಲೇ ಹೈಸ್ಕೂಲು ಕಾಲೇಜು ಬಂದವು, ಚಿಕ್ಕ ಹುಡುಗರು ಬೊಂಬಾಯಿಗೆ ಬರೋದು ಕಡಿಮೆಯಾಯ್ತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳು ಹೋಟೆಲಿನಲ್ಲಿ ದುಡಿಯೋದು ಕಾನೂನಿನಲ್ಲೇ ನಿಷೇಧ. ಒಳ್ಳೆಯದೇ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಮಹಾರಾಷ್ಟ್ರ 2000ದಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ತಂದಿತು, ಖೇರರ ಗಡಿಯಾರ ಪೂರ್ತಿ ಉಲ್ಟಾ ತಿರುಗಿತು. ಕನ್ನಡ ಬೆಂಚುಗಳು ಖಾಲಿಯಾದವು. ಪದಗಳ ಪಟ್ಟಿ ಮಾತ್ರ ಸಾಯಲಿಲ್ಲ, ಟೋಫೆಲ್, ಜಿಆರ್‌ಇ, ಐಇಎಲ್‌ಟಿಎಸ್ ಅಂತ ವೇಷ ಬದಲಿಸಿ ಉಪನಗರದ ಸ್ಟೇಷನ್ ಪಕ್ಕದ ಕ್ಲಾಸುಗಳಿಗೆ ಬಂತು.

ತಮಾಷೆ ಅಂದ್ರೆ ಪರೀಕ್ಷೆಗಳೇ ಪಟ್ಟಿಯಿಂದ ದೂರ ಸರಿದಿವೆ. ಜಿಆರ್‌ಇ 2011ರಲ್ಲಿ ವಿರುದ್ಧಪದ ಕೇಳೋದನ್ನು ಕೈಬಿಟ್ಟಿತು. ಢಾಕಾದಲ್ಲಿ ಮೇಷ್ಟ್ರುಗಳಿಗೆ ಪಾಠ ಹೇಳಿದ್ದ ಮೈಕೆಲ್ ವೆಸ್ಟ್, ಬಂಗಾಳದ ಮಕ್ಕಳ ಕಷ್ಟ ನೋಡಿ ಇಂಗ್ಲಿಷಿನ ಮುಖ್ಯ ಪದಗಳನ್ನು ಆರಿಸುವ ಕೆಲಸಕ್ಕೆ ಇಳಿದವನು. ಅವನು 1953ರಲ್ಲಿ ಕೊಟ್ಟದ್ದು ಸುಮಾರು 2000 ಪದ. ಅದರ ಮೇಲೆ ಕಾಲೇಜು ಓದಿಗೆ ಬೇಕಾದ 570 ಪದಕುಟುಂಬಗಳನ್ನು ಎವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಆರಿಸಿದಳು. ಅದರಲ್ಲಿ ಯುಬಿಕ್ವಿಟಸ್ ಇಲ್ಲ. ಅನಲೈಸ್, ಅಪ್ರೋಚ್, ಅಸ್ಯೂಮ್ ಇಂಥ ಸಾಧಾರಣ ಮುಖದ ಪದಗಳೇ. ಐಇಎಲ್‌ಟಿಎಸ್ ಬರವಣಿಗೆಯಲ್ಲಿ ಪದಸಂಪತ್ತಿಗೆ ಕಾಲುಭಾಗ ಮಾರ್ಕು ನಿಜ, ಆದರೆ ಅವರು ನೋಡೋದು ಪದ ಅದರ ಜೊತೆಗಾರರ ಪಕ್ಕದಲ್ಲಿ ಕೂತಿದೆಯಾ ಅಂತ.

ತಂಗಿಯ ಮಗಳು ಅಭ್ಯಾಸಕ್ಕೆ ಬರೆದ ಪ್ರಬಂಧ ತೋರಿಸಿದಳು. ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚು ಅಂತ ಹೇಳೋಕೆ 'ಪ್ಲೆಥೊರಾ ಆಫ್ ಪೇಶಂಟ್ಸ್' ಅಂತ ಬರೆದಿದ್ದಳು. ಆ ಪದದ ಹಳೇ ಅರ್ಥ ಮೈಯಲ್ಲಿ ರಕ್ತ ಅತಿಯಾಗೋದು, ವೈದ್ಯರ ಮಾತು ಅದು. ಹೇಳಿದ್ದಕ್ಕೆ ನಕ್ಕಳು. ವಾರ್ಡಿನಲ್ಲಿ ಅವಳು ದಿನಾ ಹೇಳೋದು 'ಟೂ ಮೆನಿ ಪೇಶಂಟ್ಸ್, ನಾಟ್ ಎನಫ್ ಸ್ಟಾಫ್'. ಅದನ್ನೇ ಬರೆದಿದ್ದರೆ ಸಾಕಿತ್ತು.

ನೋಟ್‌ಬುಕ್ ಕೊಟ್ಟೆ. ಎರಡನೇ ಭಾಗ ನೋಡಿ, ದೊಡ್ಡಜ್ಜನ ಹಾಗೆ ದಿನಕ್ಕೆ ಎಂಟು ಸಾಲು ಶುರು ಮಾಡಿದ್ದಾಳೆ. ಕನ್ನಡ ಬರೆಯೋದು ಅವಳಿಗೆ ಇಂಗ್ಲಿಷಿಗಿಂತ ಕಷ್ಟ ಆಗ್ತಾ ಇದೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಕೆಲವು ಸಾಲು ನನಗೆ ಫೋನ್ ಮಾಡಿ ಕೇಳ್ತಾಳೆ. ಪರೀಕ್ಷೆಗೆ ಮತ್ತೆ ಹೆಸರು ಕೊಟ್ಟಾಗಿದೆ. ಪಟ್ಟಿಯನ್ನು ಮಾತ್ರ ಇನ್ನೂ ಬ್ಯಾಗಿನಿಂದ ತೆಗೆದಿಲ್ಲ. "ವಿರಾರ್ ಲೋಕಲ್‌ನಲ್ಲಿ ಒಂದು ಕೈಲಿ ಹಿಡ್ಕೊಂಡು ನಿಂತಾಗ ಅದೇ ಸುಲಭ, ಮಾಮ" ಅಂತಾಳೆ.